ನಾನು ತೆಗೆದುಹಾಕಿದ ಹಳದಿ

ಆ ಮಗುವಿನ ಫೋಟೋಗಳಿಂದ ನಾನು ಹಳದಿಯನ್ನು ತೆಗೆದುಹಾಕಿದ್ದು ಒಂದು ಸಂಜೆ ಐದು ಗಂಟೆಯ ಹೊತ್ತಿಗೆ, ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು. ಆ ಹಳದಿ ಫೋಟೋದ್ದಲ್ಲ, ಮಗುವಿನದೇ ಎಂದು ನನಗೆ ಗೊತ್ತಾದದ್ದು ಒಂಬತ್ತು ದಿನಗಳ ಮೇಲೆ. ಯಾರು ಏನಂದರು, ನಾನು ಏನು ನೋಡಿದೆ, ಏನು ನೋಡಲಿಲ್ಲ ಎಂಬುದನ್ನು ಆದಷ್ಟು ಸರಿಯಾಗಿ ಬರೆದಿಡಬೇಕು. ದಿನ ಕಳೆದಂತೆ ನನಗೆ ಅನುಕೂಲವಾಗುವ ಹಾಗೆ ನೆನಪಾಗಲು ಶುರುವಾಗಿದೆ. ಅದಕ್ಕೇ ಅವಸರ.

ನನ್ನ ಗಂಡ ಮದುವೆಗಳ ಫೋಟೋ ತೆಗೆಯುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತು ಅವನ್ನು ತಿದ್ದುತ್ತೇನೆ. ಹದಿನಾಲ್ಕು ವರ್ಷಗಳಿಂದ ನಮ್ಮ ಸಂಸಾರ ನಡೆದಿರುವುದು ಹೀಗೆ. ತೊಟ್ಟಿಲು ಶಾಸ್ತ್ರಕ್ಕೆ ಮಾತ್ರ ಕ್ಯಾಮೆರಾ ಹಿಡಿದು ನಾನೇ ಹೋಗುತ್ತೇನೆ. ಬಾಣಂತಿ ಕೋಣೆಯೊಳಕ್ಕೆ ಹೊರಗಿನ ಗಂಡಸನ್ನು ಯಾರೂ ಬಿಡುವುದಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಮನೆಗಳಿಂದ ನನ್ನನ್ನು ಕರೆಯುವುದು ಆ ಕಾರಣಕ್ಕೇ.

ಆ ಮನೆ ಚೇಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಬಾಣಂತಿಯ ತವರು. ಆಕೆಯ ತಾಯಿ ವಿಧವೆ, ತೆಂಗಿನ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅಳಿಯ ಕುಣಿಗಲ್ಲಿನವನು, ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೆಣ್ಣುಮಗು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತುಮಾಡಿದ್ದರು.

ಬಾಣಂತಿ ಕೋಣೆಯಲ್ಲಿ ಕ್ಯಾಮೆರಾಕ್ಕೆ ಏನೂ ಸರಿಯಾಗಿ ಕಾಣುವುದಿಲ್ಲ. ಗಾಳಿ ಆಡಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದರು. ಮೂಲೆಯ ಕೆಂಡದ ಮೇಲೆ ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಮೇಲೆ ಹಳದಿ ಬೆಳಕಿನ ಒಂದೇ ಒಂದು ಬಲ್ಬು. ನಾನು ಫ್ಲ್ಯಾಶ್ ಸಿಕ್ಕಿಸಲು ಹೋದಾಗ ಬಾಣಂತಿಯ ತಾಯಿ, ಮಗುವಿನ ಅಜ್ಜಿ, ಕೈ ಹಿಡಿದರು.

"ಬ್ಯಾಡ ಕಣವ್ವ, ಮಗೀನ ಕಣ್ಗೆ ಅದನ್ನ ಹೊಡೀಬ್ಯಾಡ. ಇರೋ ಬೆಳಕಲ್ಲೇ ಅದೆಂಗೆ ಬತ್ತದೋ ಅಂಗೇ ತಗಿ."

ಮಗುವನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿದ್ದರು. ಹೊಸ ಬಟ್ಟೆಯನ್ನು ಎಳೆಗೂಸಿನ ಮೈಗೆ ಸೋಕಿಸುವುದಿಲ್ಲ, ಮನೆಯ ಹಿರಿಯರು ಉಟ್ಟು ಒಗೆದು ಮೆತ್ತಗಾದದ್ದೇ ಆಗಬೇಕು. ಅದು ತೀರಿಕೊಂಡ ತಾತನ ಪಂಚೆ. ಅಜ್ಜಿ ಅದನ್ನು ಎರಡು ಸಲ ಒಗೆದು ಬಿಸಿಲಿಗೆ ಹಾಕಿ ತಂದಿದ್ದೆ ಎಂದರು. "ಅವ್ರು ನೋಡ್ಲಿಲ್ಲ ಮೊಮ್ಮಗಳ್ನ. ಪಂಚೆನಾದ್ರೂ ನೋಡ್ಲಿ ಬುಡು" ಎಂದು ನಕ್ಕರು.

ಆ ಬೆಳಕಿಗೆ ಕ್ಯಾಮೆರಾದ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ಅಷ್ಟರಲ್ಲಿ ಮಗು ಒಂದು ಕೈ ಆಡಿಸಿದರೂ ಚಿತ್ರ ಕಲಸಿಹೋಗುತ್ತದೆ. ಈ ಮಗು ಆಡಿಸಲಿಲ್ಲ. ಬೊಂಬೆಯ ಹಾಗೆ ಮಲಗಿತ್ತು. ದಿನವೂ ಮಗುವಿಗೆ ಎಣ್ಣೆ ತೀಡಿ ನೀರು ಹಾಕಲು ಬರುತ್ತಿದ್ದ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದಳು.

"ಎಷ್ಟ್ ಬೇಕೋ ಅಷ್ಟ್ ತಕ್ಕೋ ಕಣಕ್ಕ, ಈ ಕೂಸು ಅಳೋದೇ ಇಲ್ಲ. ನಾ ನೀರ್ ಹಾಕಿರೋ ಮಕ್ಳೆಲ್ಲ ಊರು ಒಂದ್ ಮಾಡವು. ಇದ್ಯಾರೋ ಸನ್ಯಾಸೀನೇ ಬಂದ್ ಹುಟ್ಟೈತೆ" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ಸುಲಭವಾಗಿ ಫೋಟೋ ಕೊಡುವ ಮಗು ಸಿಕ್ಕಿತಲ್ಲ ಎಂದು ಸಂತೋಷಪಟ್ಟೆ.

ಮನೆಗೆ ಬಂದು ತಿದ್ದಲು ಕುಳಿತೆ. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಬೆಳಕು, ಆಮೇಲೆ ಫೋಕಸ್, ಕೊನೆಗೆ ಬಣ್ಣ. ಕತ್ತಲಾಗಿ ಬಂದ ಚಿತ್ರವನ್ನು ಸ್ವಲ್ಪ ಮೇಲೆತ್ತಬಹುದು. ಎತ್ತಿದಷ್ಟೂ ರವೆ ಚೆಲ್ಲಿದ ಹಾಗೆ ಕಾಳುಕಾಳಾಗುತ್ತದೆ, ಆದರೂ ಬರುತ್ತದೆ. ಸುಟ್ಟುಹೋದ ಬೆಳಕು ಬರುವುದಿಲ್ಲ. ಆರತಿಯ ದೀಪ ಬರೀ ಬಿಳಿ ಚುಕ್ಕೆಯಾಗಿದ್ದರೆ ಅದು ಹೋಯಿತೆಂದೇ ಅರ್ಥ. ಫೋಕಸ್ ತಪ್ಪಿದ್ದೂ ಹೋಯಿತೆಂದೇ. ಕ್ಯಾಮೆರಾ ಮಗುವಿನ ಕಣ್ಣನ್ನು ಹಿಡಿಯುವ ಬದಲು ತಾಯಿಯ ಬಳೆಯನ್ನೋ ತಟ್ಟೆಯ ಅಂಚನ್ನೋ ಹಿಡಿದುಬಿಟ್ಟಿರುತ್ತದೆ. ಹೊಳೆಯುವುದರ ಕಡೆಗೇ ಅದಕ್ಕೆ ಆಸೆ. ಅಂಥವನ್ನು ಬೇರೆ ಫೋಲ್ಡರಿಗೆ ಹಾಕುತ್ತೇನೆ, ಅಳಿಸುವುದಿಲ್ಲ. ಬಣ್ಣ ಎಲ್ಲಕ್ಕಿಂತ ಸುಲಭ. ಒಂದು ಗೀಟಿನ ಮೇಲೆ ಗುಂಡಿಯಿದೆ. ಒಂದು ಕಡೆ ಎಳೆದರೆ ಹಳದಿ, ಇನ್ನೊಂದು ಕಡೆ ಎಳೆದರೆ ನೀಲಿ.

ಬಣ್ಣ ತಿದ್ದಲು ಸರಿಯಾದ ದಾರಿ ನನಗೆ ಗೊತ್ತಿತ್ತು. ಚಿತ್ರದಲ್ಲಿ ನಿಜವಾಗಿ ಬಿಳಿಯಾಗಿರುವ ಒಂದು ವಸ್ತುವನ್ನು ಹುಡುಕಿ, ಇದು ಬಿಳಿ ಎಂದು ಕಂಪ್ಯೂಟರಿಗೆ ತೋರಿಸಬೇಕು. ಉಳಿದ ಬಣ್ಣಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಎರಡು ನಿಮಿಷದ ಕೆಲಸ. ಆದರೆ ತೊಟ್ಟಿಲು ಫೋಟೋಗಳಿಗೆಂದೇ ನಾವು ಒಂದು ಸಿದ್ಧ ಅಳತೆ ಮಾಡಿಟ್ಟುಕೊಂಡಿದ್ದೆವು. ಒಂದು ಸಲ ಒತ್ತಿದರೆ ಹಳದಿ ಇಳಿಯುತ್ತದೆ, ಮೈಬಣ್ಣ ತಿಳಿಯಾಗುತ್ತದೆ. ಯಾಕೆಂದರೆ ಎಲ್ಲ ಮನೆಗಳಲ್ಲೂ ಅದೇ ಹಳದಿ ಬಲ್ಬು, ಅದೇ ಅರಿಶಿನ, ಎಲ್ಲರ ಬಾಯಲ್ಲೂ ಅದೇ ಮಾತು: "ಮಗು ಬೆಳ್ಳಗೆ ಕಾಣೋ ಹಂಗೆ ಮಾಡ್ಕೊಡಿ." ಅದನ್ನೇ ಒತ್ತಿದೆ. ಮಗು ಇನ್ನೂ ಹಳದಿಯಾಗಿ ಕಂಡಿತು. ಈ ಬಲ್ಬು ಜೋರಾಗಿದೆ ಎಂದುಕೊಂಡು ಗುಂಡಿಯನ್ನು ಇನ್ನಷ್ಟು ನೀಲಿಯ ಕಡೆಗೆ ಎಳೆದೆ. ಮಗುವಿನ ಕೆನ್ನೆಯನ್ನೇ ನೋಡುತ್ತಾ ಎಳೆದೆ. ಕೆನ್ನೆ ಹಾಲಿನ ಕೆನೆಯ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ.

ಹನ್ನೆರಡು ಫೋಟೋಗಳನ್ನು ಮಗುವಿನ ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. "ಸೂಪರ್ ಮೇಡಂ" ಎಂದು ಬಂತು. ಮರುದಿನ ಅವನ ಸ್ಟೇಟಸ್‌ನಲ್ಲಿ ಅದರಲ್ಲೊಂದು ಇತ್ತು.

ಒಂಬತ್ತು ದಿನ ಕಳೆದ ಮೇಲೆ, ಬೆಳಿಗ್ಗೆ ಹತ್ತೂವರೆಗೆ ಮಗುವಿನ ತಾಯಿ ಫೋನ್ ಮಾಡಿದಳು.

"ಅಕ್ಕ, ಒಂದ್ ವಿಷ್ಯ, ಬೇಜಾರ್ ಮಾಡ್ಕೋಬೇಡಿ. ಫ್ರೇಮ್ ಹಾಕ್ಸಕ್ಕೆ ಅಮ್ಮ ಒಂದ್ ಫೋಟೋ ಇಷ್ಟಪಟ್ಟವ್ರೆ. ಅದ್ರಲ್ಲಿ ಅಪ್ಪನ ಪಂಚೆ ನೀಲಿ ಕಾಣ್ತದೆ. ಅದು ಬಿಳೀದು ಅಂತ ಹಟ ಹಿಡ್ದವ್ರೆ."

ಹಿಂದಿನಿಂದ ಅಜ್ಜಿಯ ದನಿ: "ಅವ್ರು ಯಾವತ್ತೂ ನೀಲಿ ಪಂಚೆ ಉಟ್ಟೋರಲ್ಲ ಅಂತ ಯೋಳೇ."

ನಗುತ್ತಲೇ ಆಗಲಿ ಎಂದೆ. ಮಗು ಹೇಗಿದೆ ಎಂದು ಕೇಳಿದೆ. "ನಿದ್ದೇನೇ ಅಕ್ಕ. ಹಾಲ್ ಕುಡ್ಯಕ್ಕೂ ಎಬ್ಬಿಸ್ಬೇಕು" ಎಂದಳು. "ಪುಣ್ಯವಂತೆ ನೀನು" ಎಂದೆ. ಹಾಗೆಂದದ್ದು ನಿಜ.

ಫೋಟೋ ತೆರೆದೆ. ಪಂಚೆ ನಿಜವಾಗಿಯೂ ನೀಲಿಯಾಗಿತ್ತು, ಸ್ವಲ್ಪವಲ್ಲ, ನೀಲಿ ಹಾಕಿ ಜಾಲಿಸದೆ ಬಿಟ್ಟ ಬಟ್ಟೆಯ ಹಾಗೆ. ಅವಸರದಲ್ಲಿ ಎಳೆದುಬಿಟ್ಟಿದ್ದೇನೆ ಎಂದು ನಾಚಿಕೆಯಾಯಿತು. ಈ ಸಲ ಸರಿಯಾದ ದಾರಿಯಲ್ಲೇ ಹೋದೆ. ಮೂಲ ಫೈಲನ್ನು ತೆಗೆದು ಪಂಚೆಯ ಒಂದು ಮಡಿಕೆಯ ಮೇಲೆ ಒತ್ತಿ, ಇದು ಬಿಳಿ ಎಂದು ತೋರಿಸಿದೆ. ಪಂಚೆ ಬಿಳಿಯಾಯಿತು. ಬಾಣಂತಿಯ ಕೈ ಕೈಯ ಬಣ್ಣಕ್ಕೆ ಬಂತು. ಅಜ್ಜಿಯ ಬೆರಳು ಬೆರಳಿನ ಬಣ್ಣಕ್ಕೆ ಬಂತು. ಮಗು ಹಳದಿಯಾಗಿಯೇ ಉಳಿಯಿತು.

ನಾನು ಪರದೆಯನ್ನು ಬಟ್ಟೆಯಲ್ಲಿ ಒರೆಸಿದೆ. ಏಕೆ ಒರೆಸಿದೆನೋ.

ಬಲ್ಬಿನ ಬೆಳಕು ಮಗುವಿನ ಮುಖದ ಮೇಲೆ ನೇರವಾಗಿ ಬಿದ್ದಿರಬಹುದು ಎಂದುಕೊಂಡೆ. ನಡುಮನೆಯಲ್ಲಿ ತೊಟ್ಟಿಲಿಗೆ ಹಾಕುವಾಗ ಬಾಗಿಲಿನ ಹಗಲ ಬೆಳಕಿನಲ್ಲಿ ತೆಗೆದವು ಬೇರೆ ಇದ್ದವು. ಅವನ್ನು ತೆರೆದು ಅಲ್ಲಿಯೂ ಪಂಚೆಯನ್ನೇ ಬಿಳಿ ಮಾಡಿದೆ. ಬೆಳಕು ಬೇರೆ, ಜಾಗ ಬೇರೆ, ಮಗುವಿನ ಹಳದಿ ಮಾತ್ರ ಅದೇ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟೆ. ಬೇರೆ ಬೇರೆ ಬೆಳಕಿನಲ್ಲಿ ಒಂದೇ ಹಳದಿ ಬಂದರೆ ಅದು ಬೆಳಕಿನದಲ್ಲ. ಇದನ್ನು ನಾನು ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ.

ಹಾಗಾದರೆ ಅರಿಶಿನ. ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ ಮೈಗೆ ತೀಡುತ್ತಾರೆ, ಅದರ ಬಣ್ಣ ನಿಂತಿರಬಹುದು. ಅರಿಶಿನ ಚರ್ಮಕ್ಕೆ ಹತ್ತುತ್ತದೆ, ಕಣ್ಣೊಳಗೆ ಹತ್ತುವುದಿಲ್ಲ. ಕಣ್ಣು ನೋಡಬೇಕು. ಮಗು ನಿದ್ದೆಯಲ್ಲೇ ಇದ್ದದ್ದರಿಂದ ಕಣ್ಣು ತೆರೆದ ಚಿತ್ರಗಳು ಐದೋ ಆರೋ ಇದ್ದವು. ಮೊದಲ ಮೂರರಲ್ಲಿ ಫೋಕಸ್ ಬಳೆಯ ಮೇಲಿತ್ತು. ದೊಡ್ಡದು ಮಾಡಿದರೆ ಕಣ್ಣು ಬರೀ ಮಬ್ಬು. ಚೂಪು ಮಾಡುವ ಗುಂಡಿಯನ್ನು ಎಳೆದರೆ ಗೀಟುಗಳು ಬಂದವು, ಕಣ್ಣು ಬರಲಿಲ್ಲ. ಬೇಡವೆಂದು ಪಕ್ಕಕ್ಕೆ ಹಾಕಿದ್ದ ಫೋಲ್ಡರಿನಲ್ಲಿ ಒಂದು ಸಿಕ್ಕಿತು. ತೀರಾ ಕತ್ತಲೆಂದು ಬಿಟ್ಟದ್ದು. ಫೋಕಸ್ ಸರಿಯಾಗಿ ಎಡಗಣ್ಣಿನ ಮೇಲೆ ಕೂತಿತ್ತು. ಬೆಳಕನ್ನು ನಿಧಾನವಾಗಿ ಮೇಲೆತ್ತಿದೆ. ಕಾಳು ಎದ್ದಿತು, ಪಂಚೆಯ ಅಂಚು ಕಾಣಿಸಿತು, ರೆಪ್ಪೆ ಕಾಣಿಸಿತು. ಪಂಚೆಯ ಮೇಲೆ ಒತ್ತಿ ಬಿಳಿ ತೋರಿಸಿದೆ. ಆಮೇಲೆ ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡಿದೆ.

ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ.

ಒಳಕೋಣೆಯಲ್ಲಿ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದ ಗಂಡನನ್ನು ಕರೆದೆ. ಅವರು ಬಾಗಿಲಿನಿಂದಲೇ ಕಣ್ಣು ಹಾಯಿಸಿದರು.

"ಬಲ್ಬಿನ ಬಣ್ಣ ಕಣೇ ಅದು. ಬೆಳಿಗ್ಗೆಬೆಳಿಗ್ಗೆನೇ ನೀನೇನ್ ಡಾಕ್ಟ್ರು ಕೆಲ್ಸ ಹಿಡ್ದಿದೀಯಾ?"

"ಕೂತ್ಕೊಂಡ್ ನೋಡ್ರಿ. ಪಂಚೆ ನೋಡಿ ಮೊದ್ಲು. ಬಿಳಿ ಇದ್ಯಾ? ಈಗ ಕಣ್ ನೋಡಿ."

ಅವರು ಕೂತರು. ನನಗಿಂತ ಒಳ್ಳೆಯ ಕಣ್ಣು ಅವರದು. ಆಮೇಲೆ, "ನಾವ್ ಕಳ್ಸಿದ್ದು ಯಾವ್ದು?" ಎಂದು ಕೇಳಿದರು. ತೋರಿಸಿದೆ. ಹಾಲಿನಂಥ ಮಗು, ನೀಲಿ ಪಂಚೆ. ಅವರು ಮುಖ ಉಜ್ಜಿಕೊಂಡರು.

ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಎಳೆಗೂಸಿನ ವಿಷಯ. ಬಂದುಹೋಗುವವರು ಮಗು ಚೆನ್ನಾಗಿದೆ ಎಂದರೇ ದೃಷ್ಟಿ ತೆಗೆಯುವ ಮನೆ ಅದು. ಕಾಯಿಲೆ ಇರಬಹುದು ಎಂದು ಬಾಯಿಬಿಟ್ಟು, ಅದು ಸುಳ್ಳಾದರೆ ಅಪಶಕುನದ ಬಾಯಿ ಎನ್ನಿಸಿಕೊಳ್ಳುತ್ತೇನೆ. ನಿಜವಾದರೆ? ನಿಜವಾದರೆ ಒಂಬತ್ತು ದಿನ ಅದನ್ನು ಮುಚ್ಚಿಟ್ಟವಳು ನಾನು. ಎರಡು ಭಯಗಳಲ್ಲಿ ಯಾವುದು ದೊಡ್ಡದು ಎಂದು ತೂಗುತ್ತಾ ಹತ್ತು ನಿಮಿಷ ಕೂತಿದ್ದೆ.

ಅಪ್ಪನಿಗೇ ಮಾಡಿದೆ. ಶಾಲೆಯ ಗದ್ದಲದೊಳಗಿಂದ ಅವನು ಹೊರಗೆ ಬಂದ. ನಾನು ಕಂಡದ್ದನ್ನು ಹೇಳಿದೆ. ಆಮೇಲೆ ಅವನೇ ಹೇಳಿದ. ಹುಟ್ಟಿದ ಮೂರನೆಯ ದಿನ ಸ್ವಲ್ಪ ಹಳದಿಯಿತ್ತಂತೆ. ಅದು ಸಾಮಾನ್ಯ, ಎಳೆಬಿಸಿಲಿಗೆ ಹಿಡಿಯಿರಿ, ಹೋಗದಿದ್ದರೆ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ವಾರವೆಲ್ಲ ಮೋಡ. ಎರಡು ದಿನ ಹಿಡಿದರು, ಆಮೇಲೆ ತೊಟ್ಟಿಲಿನ ಗಡಿಬಿಡಿ.

"ಹದಿಮೂರನೇ ದಿನ ನಮ್ಮತ್ತೆ ಅಂದ್ರು ಮೇಡಂ, ಯಾಕೋ ಮಗು ಇನ್ನೂ ಹಳ್ದಿ ಕಾಣ್ತದೆ ಅಂತ. ನಾನೇ... ನಾನೇ ಮೊಬೈಲ್ ತೋರಿಸ್ದೆ. ನೋಡಿ ಅತ್ತೆ, ಕ್ಯಾಮೆರಾಕ್ಕಿಂತ ನಿಮ್ ಕಣ್ಣು ಹೆಚ್ಚಾ, ಬಲ್ಬ್ ಬೆಳಕು ಅದು ಅಂತ ನಗಾಡ್ದೆ. ನೀವ್ ಕಳ್ಸಿದ್ ಫೋಟೋ ಮೇಡಂ ಅದು."

ಚೇಳೂರಿನಿಂದ ಯಾವ ವಾಹನ ಯಾವಾಗ ಸಿಗುತ್ತದೋ ಎಂದು ಮಗುವನ್ನು ಕರೆತರಲು ನಾವೇ ಹೊರಟೆವು. ಅವನು ಕುಣಿಗಲ್ಲಿನಿಂದ ನೇರವಾಗಿ ತುಮಕೂರಿನ ಆಸ್ಪತ್ರೆಗೆ ಬರುವುದೆಂದಾಯಿತು. ಗಂಡ ಕಾರು ಓಡಿಸುತ್ತಿದ್ದರು. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು.

ಮನೆಯಲ್ಲಿ ನೀರು ಹಾಕುವ ಹೆಂಗಸೂ ಇದ್ದಳು, ಆಗಷ್ಟೇ ಕೆಲಸ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು.

"ಫೋಟ ತೆಗ್ಯೋರು ಕಾಯ್ಲೆ ಹೇಳಕ್ಕೆ ಬಂದ್ರಾ? ದಿನಾ ಮೈ ಮುಟ್ಟೋಳು ನಾನು. ಅರಿಶ್ಣ ಕಣಕ್ಕ ಅದು. ತಿಂಗ್ಳು ತುಂಬ್ದಿರೋ ಬಾಣಂತೀನ ಗಾಳೀಲಿ ಹೊರ್ಡಿಸಿ ಆಮ್ಯಾಕೆ ಸನ್ನಿ ಹಿಡ್ದ್ರೆ ನೀ ಬರ್ತೀಯಾ?"

"ನೀವ್ ಹೇಳೋದೇ ನಿಜ ಆಗ್ಲಿ. ಒಂದೇ ಒಂದ್ ಸಲ ಬಾಗ್ಲ ಹತ್ರ ತಂದು ತೋರ್ಸಿ" ಎಂದೆ.

ಅಜ್ಜಿ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ತಲೆಬಾಗಿಲ ಹೊಸಿಲ ಒಳಗೆ, ಹಗಲ ಬೆಳಕು ಬೀಳುವ ಕಡೆ ಚಾಪೆ ಹಾಸಿದರು. ಒಗೆದು ಮಡಿಸಿಟ್ಟಿದ್ದ ಪಂಚೆಯನ್ನು ನಾನು ಮಗುವಿನ ಕೆನ್ನೆಯ ಪಕ್ಕದಲ್ಲಿ ಹಾಸಿದೆ. ಅಷ್ಟೇ. ಏನೂ ಹೇಳಬೇಕಾಗಲಿಲ್ಲ. ಕತ್ತಲ ಕೋಣೆಯಲ್ಲಿ ಬಿಳಿಯೂ ಹಳದಿಯಾಗಿರುತ್ತಿತ್ತು, ಮಗುವೂ ಹಳದಿಯಾಗಿರುತ್ತಿತ್ತು, ಆದ್ದರಿಂದ ಅಜ್ಜಿಯೊಬ್ಬರನ್ನು ಬಿಟ್ಟು ಯಾರಿಗೂ ಏನೂ ಕಂಡಿರಲಿಲ್ಲ. ಇಲ್ಲಿ ಪಂಚೆ ಬಿಳಿಯಾಗಿತ್ತು. ನೀರು ಹಾಕುವವಳು ಬಗ್ಗಿ ನೋಡಿ, ಎಲೆ ಅಡಿಕೆ ಉಗುಳಿ ಬಂದು, ಮತ್ತೆ ನೋಡಿದಳು. "ಅಯ್ಯೋ ನನ್ನವ್ವ" ಎಂದಳು.

ಅಜ್ಜಿ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಅವತ್ತು ನಾ ಅಂದೆ ಕಣವ್ವ. ನಿನ್ ಫೋಟ ತೋರ್ಸಿ ನನ್ ಬಾಯಿ ಮುಚ್ಚುಸ್ದ್ರು. ಇವತ್ತು ನೀನೇ ಬಂದು ಹಳದಿ ಅಂತೀಯಾ. ನಾ ಯಾರ್ ಮಾತ್ ನಂಬ್ಲಿ?"

ನಾನು ಅವರ ಕಾಲು ಮುಟ್ಟಿದೆ. "ನಿಮ್ ಕಣ್ಣೇ ನಂಬಿ ಅಮ್ಮ" ಎಂದೆ.

ಬಾಣಂತಿಗೆ ಕಿವಿ ಮುಚ್ಚುವ ಹಾಗೆ ಸ್ಕಾರ್ಫ್ ಕಟ್ಟಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಾರಿನ ಗಾಜೆಲ್ಲ ಏರಿಸಿದೆವು. ನಾನು ಆಕೆಯ ಪಕ್ಕ, ಅಜ್ಜಿ ಆ ಕಡೆ. ದಾರಿಯುದ್ದಕ್ಕೂ ಮಗು ನಿದ್ದೆಯಲ್ಲಿತ್ತು. ಗುಬ್ಬಿಯಲ್ಲಿ ಒಂದು ತೆಂಗಿನಕಾಯಿ ಲಾರಿ ಅಡ್ಡ ನಿಂತು ರಸ್ತೆ ಕಟ್ಟಿತು. ತಾಯಿ ಹಾಲು ಕೊಡಲು ನೋಡಿದಳು. ಮಗು ನಾಲ್ಕು ಸಲ ಚೀಪಿ ಬಿಟ್ಟುಬಿಟ್ಟಿತು. ಅಂಗಾಲನ್ನು ಬೆರಳಿನಿಂದ ತಟ್ಟಿದಳು. ಕಣ್ಣು ತೆರೆಯಲಿಲ್ಲ. ನಾನು ಆ ಪುಟ್ಟ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಒಂದು ಸಲ ಇಳಿದದ್ದು ಏರಲು ತಡವಾಯಿತು ಅನ್ನಿಸಿತು. ಏರಿತು. ಗಂಡ ಹಾರ್ನ್ ಮಾಡುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿದರು. ಆಮೇಲೆ ಎದೆಯ ಮೇಲೆ, ಹೊಟ್ಟೆಯ ಮೇಲೆ. ಬರೆದುಕೊಳ್ಳುತ್ತಾ ಪ್ರಶ್ನೆ ಕೇಳಿದರು. ಹಾಲು ಕುಡೀತಾಳಾ? ಕಕ್ಕ ದಿನಾ ಮಾಡ್ತಾಳಾ, ಯಾವ ಬಣ್ಣ? ಅಳು ಹೇಗಿದೆ?

"ಅಳೋದೇ ಇಲ್ಲ ಡಾಕ್ಟ್ರೆ, ತುಂಬಾ ಒಳ್ಳೆ ಮಗು" ಎಂದಳು ತಾಯಿ.

ಡಾಕ್ಟರ ಪೆನ್ನು ನಿಂತಿತು. "ಇಪ್ಪತ್ತೊಂದು ದಿನದ ಮಗು ಅಳದೇ ಇರೋದು ಒಳ್ಳೇದಲ್ಲಮ್ಮ" ಎಂದರು. ಮತ್ತೆ ಕೇಳಿದರು: "ಹಳದಿ ಒಂದ್ಸಲ ಹೋಗಿ ಮತ್ತೆ ಬಂತಾ, ಅಥವಾ ಹೋಗ್ಲೇ ಇಲ್ವಾ? ಇದು ನಂಗೆ ಬೇಕು."

ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಹೋಗಲಿಲ್ಲ ಎಂದರು, ಮಗಳು ಹೋಗಿತ್ತು ಎಂದಳು. ಅಷ್ಟರಲ್ಲಿ ಮಗುವಿನ ಅಪ್ಪ ಏದುಸಿರು ಬಿಡುತ್ತಾ ಬಂದ. ಅವನು ಮೊಬೈಲ್ ತೆಗೆದು ತೋರಿಸಿದ: "ಹನ್ನೆರಡನೇ ದಿನ ಇರ್ಲಿಲ್ಲ ಮೇಡಂ, ನೋಡಿ." ಅದು ತಿದ್ದಿದ ಚಿತ್ರವೆಂದು ಅವನಿಗೆ ನಾನು ಫೋನಿನಲ್ಲಿ ಹೇಳಿದ್ದೆ. ಆದರೂ ಆ ಹೊತ್ತಿನಲ್ಲಿ ಅವನ ಕೈಗೆ ಸಿಕ್ಕಿದ ಸಾಕ್ಷಿ ಅದೇ ಆಗಿತ್ತು.

"ಅದು ನಾನು ತಿದ್ದಿದ್ದು" ಎಂದೆ. ಲ್ಯಾಪ್‌ಟಾಪ್ ತೆರೆದು, ಪಂಚೆಯನ್ನು ಬಿಳಿ ಮಾಡಿದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ತೆಗೆದ ದಿನ, ಗಂಟೆ ಎಲ್ಲ ಫೈಲಿನಲ್ಲೇ ಇತ್ತು. ಕೊನೆಗೆ ಕಣ್ಣು. ಡಾಕ್ಟರು ಬಹಳ ಹೊತ್ತು ನೋಡಿದರು. "ಹಾಗಾದ್ರೆ ಹೋಗೇ ಇಲ್ಲ" ಎಂದು ಬರೆದುಕೊಂಡರು. ರಕ್ತಪರೀಕ್ಷೆಗೆ ಒಂದರ ಬದಲು ಮೂರು ಚೀಟಿ ಬರೆದರು. ಲಿವರೂ ನೋಡಬೇಕು, ಥೈರಾಯ್ಡೂ ನೋಡಬೇಕು, ಎಲ್ಲ ಗೊತ್ತಾಗುವುದು ನಾಳೆ ಮಧ್ಯಾಹ್ನ ಎಂದರು.

ಕಾರಿಡಾರಿನಲ್ಲಿ ಆ ಮೇಷ್ಟ್ರು ನನ್ನ ಎದುರಿಗೆ ಬಂದು ನಿಂತ. ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ.

"ಮೇಡಂ, ಒಂದ್ ಹೇಳಿ. ಇದು ನನ್ ಮಗಳಾ?"

ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ. ಬೆಳ್ಳಗೆ ಕಾಣಲಿ ಎಂದು ಕೇಳಿದವರು ನೀವೇ ಎಂದು ಹೇಳಬಹುದಿತ್ತು. ಆದರೆ ಅವನು ಕೇಳಿರಲೇ ಇಲ್ಲ. ಎಲ್ಲರೂ ಕೇಳುತ್ತಾರೆಂದು ಕೇಳದವನಿಗೂ ನಾನು ಮಾಡಿಕೊಟ್ಟಿದ್ದೆ.

"ಅಲ್ಲ" ಎಂದೆ.

ಅವನು ಗೋಡೆಗೆ ಒರಗಿ ಕೂತುಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನದವರೆಗೆ ನಾನು ಮಾಡಿದ ಕೆಲಸ ಒಂದೇ. ಹಿಂದಿನ ಎರಡು ವರ್ಷಗಳ ತೊಟ್ಟಿಲು ಫೋಟೋಗಳನ್ನೆಲ್ಲ ತೆರೆದು, ಒಂದೊಂದರಲ್ಲೂ ಬಿಳಿ ಹುಡುಕಿ, ಮಕ್ಕಳ ಬಣ್ಣ ನೋಡಿದೆ. ಆ ಮಕ್ಕಳೆಲ್ಲ ಈಗ ಓಡಾಡುತ್ತಿರಬಹುದು, ನೋಡಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದರೂ ನಿಲ್ಲಿಸಲಾಗಲಿಲ್ಲ. ಗಂಡ ಊಟಕ್ಕೆ ಕರೆದರು, "ಕಣ್ ಕಳ್ಕೋತೀಯ ಬಾರೇ" ಎಂದರು. ಬೇರೆ ಯಾವ ಮಗುವೂ ಹಳದಿ ಕಾಣಲಿಲ್ಲ. ಅದರಿಂದ ಧೈರ್ಯವೂ ಬರಲಿಲ್ಲ. ಸಿದ್ಧ ಅಳತೆಯನ್ನು ಅಂದೇ ಅಳಿಸಿದೆ.

ಒಂದೂವರೆಗೆ, ನಾನು ಮತ್ತೆ ಆಸ್ಪತ್ರೆಗೆ ಹೋಗಿದ್ದಾಗ, ರಿಪೋರ್ಟು ಬಂತು. ಥೈರಾಯ್ಡ್. ಮಗುವಿನ ಕುತ್ತಿಗೆಯೊಳಗಿನ ಆ ಗ್ರಂಥಿ ಹುಟ್ಟಿನಿಂದಲೇ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಹಳದಿ ಹೋಗದಿದ್ದುದಕ್ಕೂ, ನಿದ್ದೆಗೂ, ಅಳದೇ ಇದ್ದುದಕ್ಕೂ ಅದೇ ಕಾರಣ. ಒಂದು ಸಣ್ಣ ಮಾತ್ರೆಯನ್ನು ದಿನವೂ ಎದೆಹಾಲಿನಲ್ಲಿ ಅರೆದು ಕೊಡಬೇಕು, ಬಹುಶಃ ಜೀವನಪೂರ್ತಿ. ಕೊಡದಿದ್ದರೆ ಮೆದುಳು ಬೆಳೆಯುವುದಿಲ್ಲ. ಡಾಕ್ಟರು ಇಷ್ಟನ್ನೂ ನಿಧಾನವಾಗಿ, ಎರಡೆರಡು ಸಲ ಹೇಳಿದರು.

ಮಗುವಿನ ತಾಯಿ ಕೇಳಿದಳು: "ತಡ ಆಯ್ತಾ ಡಾಕ್ಟ್ರೆ?"

"ತಿಂಗ್ಳೊಳಗೆ ಬಂದಿದೀರ. ಎಷ್ಟೋ ಮಕ್ಕಳು ವರ್ಷ ಆದ್ಮೇಲೆ ಬರ್ತಾವೆ. ಎರಡು ವಾರದೊಳಗೆ ಶುರು ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಹೆದರ್ಕೋಬೇಡಿ, ನೋಡ್ಕೊಂಡ್ ಹೋಗೋಣ."

ಎರಡು ವಾರ ಎಂದರೆ ಹದಿನಾಲ್ಕು ದಿನ. ನಾನು ಫೋಟೋ ಕಳಿಸಿದ್ದು ಹನ್ನೆರಡನೆಯ ದಿನ. ಅಜ್ಜಿ ಮಾತೆತ್ತಿದ್ದು ಹದಿಮೂರನೆಯ ದಿನ. ಕೋಣೆಯಲ್ಲಿ ಇದ್ದವರೆಲ್ಲ ಆ ಲೆಕ್ಕ ಮಾಡಿಕೊಂಡರೆಂದು ನನಗನ್ನಿಸಿತು. ಯಾರೂ ನನ್ನ ಕಡೆ ನೋಡಲಿಲ್ಲ. ಅಜ್ಜಿ ಚಮಚದಲ್ಲಿ ಮಾತ್ರೆ ಅರೆಯುತ್ತಿದ್ದರು. ಮಗು ಮೊದಲ ಗುಟುಕನ್ನು ನುಂಗಿತು. ಎರಡನೆಯದು ಕಟವಾಯಿಯಿಂದ ಇಳಿಯಿತು. ಅಜ್ಜಿ ಅದನ್ನು ಬೆರಳಿನಿಂದ ಬಳಿದು ಮತ್ತೆ ಬಾಯಿಗೆ ಹಾಕಿದರು.

ಈಗ ನಾನು ಯಾವ ಮನೆಗೆ ಹೋದರೂ ಚೀಲದಲ್ಲಿ ಒಂದು ಬಿಳಿ ರಟ್ಟು ಇರುತ್ತದೆ. ಮೊದಲ ಫೋಟೋದಲ್ಲಿ ಅದನ್ನು ಮಗುವಿನ ಪಕ್ಕ ಇಡುತ್ತೇನೆ. ಬಣ್ಣವನ್ನು ಕೊನೆಗೆ ನೋಡುವುದಿಲ್ಲ, ಮೊದಲು ನೋಡುತ್ತೇನೆ. ಬೆಳ್ಳಗೆ ಮಾಡಿ ಎಂದು ಕೇಳಿದರೆ ಆಗುವುದಿಲ್ಲ ಎನ್ನುತ್ತೇನೆ. ಕೆಲವರು ಬೇರೆಯವರ ಹತ್ತಿರ ಹೋಗಿದ್ದಾರೆ. ಗಂಡ ಏನೂ ಅನ್ನುವುದಿಲ್ಲ.

ಮಗುವಿಗೆ ಈಗ ಹತ್ತು ತಿಂಗಳು. ಕೂರುತ್ತಾಳಂತೆ, ಸ್ವಲ್ಪ ತಡವಾಗಿ. ಅಂಬೆಗಾಲು ಇನ್ನೂ ಇಲ್ಲ. ನಡಿಗೆ, ಮಾತು ಎಲ್ಲ ಹೇಗೆ ಬರುತ್ತದೋ ನೋಡಬೇಕು ಎಂದಿದ್ದಾರೆ ಡಾಕ್ಟರು. ಈ ಕಾಯಿಲೆ ಇಲ್ಲದ ಕೆಲವು ಮಕ್ಕಳೂ ತಡವಾಗಿಯೇ ಕೂರುತ್ತವೆ ಎಂದೂ ಹೇಳಿದ್ದಾರೆ. ಇವಳದು ಯಾವ ತಡ ಎಂದು ಯಾರೂ ಹೇಳಲಾರರು. ಪ್ರತಿ ರಕ್ತಪರೀಕ್ಷೆಯ ದಿನ ತಾಯಿ ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡುತ್ತಾಳೆ. ಯಾಕೆ ಮಾಡುತ್ತಾಳೆಂದು ನಾನು ಕೇಳಿಲ್ಲ. ಹೋದ ವಾರ ಮಾಡಿದಾಗ ಮೊದಲು ಕಾರಿಡಾರಿನ ಸದ್ದಷ್ಟೇ ಕೇಳಿಸಿತು. ನಾನು ಒಲೆ ಆರಿಸಿ ನಿಂತೆ.

"ನಾರ್ಮಲ್ ಬಂದೈತೆ ಅಕ್ಕ" ಎಂದಳು. "ಮುಂದಿನ್ದು ಮೂರ್ ತಿಂಗ್ಳಿಗೆ. ಅಷ್ಟೊತ್ತಿಗೆ ನಿಂತ್ಕೋಬೇಕು ಅಂದವ್ರೆ, ಹಿಡ್ಕೊಂಡಾದ್ರೂ."

"ನಿಂತ್ಕೋತಾಳೆ" ಎಂದೆ.

"ಹೂಂ" ಎಂದಳು. ಫೋನನ್ನು ಕಿವಿಗೆ ಇಟ್ಟುಕೊಂಡೇ ನಾನು ಒಲೆಯನ್ನು ಮತ್ತೆ ಹಚ್ಚಿದೆ.